ಎಲೆ ತಿನ್ನುವ ದುಂಬಿಗಳೂ ಅವುಗಳ ಆಹಾರಸಸ್ಯಗಳೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಗೊಂದು ಹಿತ್ತಿಲಿದ್ದು, ಅದರಲ್ಲಿ ನಾಲ್ಕು ಬದನೆಯ ಗಿಡಗಳಿಲ್ಲದಿರುವುದು ಅಪರೂಪ. ಆ ಗಿಡದ ಎಲೆಯು ಕೆಲವು ವೇಳೆ ಹಸುರೆಲ್ಲ ಕೆರೆದುಹೋಗಿ, ನರಗಳು ಮಾತ್ರ ಉಳಿದು, ಹೊಲಿಗೆಯ ತರಗತಿಯಲ್ಲಿ ಹೆಣೆಯುತ್ತಿದ್ದ ಲೇಸಿನಂತೆ ಜಾಳಾಗಿರುವುದನ್ನು ಓದುಗರು ಕಂಡೇ ಇರುವರು. ಅಂತಹ ಎಲೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಹಳದಿ ಬಣ್ಣದ, ಮೈಯೆಲ್ಲ ಕವಲೊಡೆದ ಮುಳ್ಳುಗಳುಳ್ಳ ಮರಿಹುಳುಗಳು ಕಾಣುತ್ತವೆ. ಅವುಗಳ ಸಮೀಪದಲ್ಲಿಯೇ ಕಡಲೆಬೇಳೆಯಷ್ಟು ಗಾತ್ರದ, ತಾಮ್ರವರ್ಣದ ಬೆನ್ನಿನ ಮೇಲೆ ಕರಿಯ ಚುಕ್ಕೆಗಳನ್ನು ಹೊತ್ತ ದುಂಬಿಗಳೂ ಇರುತ್ತವೆ. ಅದೇ ಪಾತಿಯ ಬದಿಯಲ್ಲಿ ಬೆಳೆದಿರುವ ದಂಟಿನ ಸೊಪ್ಪನ್ನಾಗಲಿ ಕೊತ್ತಂಬರಿಯನ್ನಾಗಲಿ ಅವು ಮುಟ್ಟಿರುವುದಿಲ್ಲ. ಕಣ್ಣೆದುರಿಗೆ ಅಷ್ಟು ಸೊಪ್ಪಿರಲು ಈ ಪ್ರಾಣಿಯು ಒಂದು ಗಿಡವನ್ನೇ ಏಕೆ ಹಿಡಿದುಕೊಂಡಿದೆ? ಬೇರೊಂದು ಎಲೆಯನ್ನು ಅದರ ಮುಂದಿಟ್ಟರೆ ಅದರ ಗತಿಯೇನು? ಈ ಎರಡು ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿ, ೧೯೯೦ರ ದಶಕದ ಮೊದಲಲ್ಲಿ ಕರ್ನಾಟಕದ ರೈತರಿಗೆ ದೊಡ್ಡದೊಂದು ಆತಂಕವು ಒದಗಿತ್ತು. ಆ ಸಂಗತಿಯನ್ನು ಮುಂದೆ ಹೇಳುವೆನು. ಮೊದಲು ಹಿತ್ತಿಲನ್ನು ನೋಡಿಕೊಳ್ಳೋಣ.

ಬದನೆಯ ದುಂಬಿಯ ಚುಕ್ಕೆಗಳನ್ನು ಎಣಿಸಿದರೆ ಸಾಮಾನ್ಯವಾಗಿ ೨೮ ಬರುತ್ತವೆ. ಒಂದೊಂದು ರೆಕ್ಕೆಯ ಕವಚಕ್ಕೆ ೧೪. ಇದು ಗುಲಗಂಜಿ ಹುಳುಗಳ ಕುಟುಂಬಕ್ಕೆ ಸೇರಿದುದು. ಆ ಕುಟುಂಬದ ಬಹುಪಾಲು ದುಂಬಿಗಳು ಗಿಡದ ಹೇನುಗಳನ್ನು ತಿಂದು ನಮಗೆ ಉಪಕಾರ ಮಾಡತಕ್ಕವು. ಎಲೆಯನ್ನು ತಿನ್ನುವ ಈ ಶಾಖೆಯನ್ನು ಗುರುತಿಸುವುದು ಕಷ್ಟವಲ್ಲ. ಉಪಕಾರಿಯ ಬೆನ್ನು ಎಣ್ಣೆ ಸವರಿದಂತೆ ಮಿರುಗುತ್ತದೆ. ಇದರ ಬೆನ್ನು ನವುರಾದ ರೋಮಗಳಿಂದ ಮಂಕಾಗಿರುತ್ತದೆ. ಚುಕ್ಕೆಯಿರುವ ದುಂಬಿಯನ್ನೆಲ್ಲ ಶತ್ರುವೆಂದು ಬಗೆದು ಗಿಡಕ್ಕೆ ವಿಷವನ್ನು ಸಿಂಪಡಿಸುವವರು, ಹೇನನ್ನು ತಿನ್ನುತ್ತಿದ್ದ ಹುಳುವನ್ನೂ ಕೊಂದು, ಮರುವಾರ ಹೇನಿನ ಕಾಟಕ್ಕೆ ಮತ್ತೊಮ್ಮೆ ವಿಷವನ್ನು ತರಬೇಕಾಗುತ್ತದೆ. ಬದನೆಯ ಕಾಯಿಯು ಮಕ್ಕಳ ತಟ್ಟೆಗೆ ಬರತಕ್ಕುದೆಂಬುದನ್ನು ನೆನೆದರೆ ಈ ಮಾತು ಸಣ್ಣದಲ್ಲ.

ಎಲೆಯು ನೋಡುವುದಕ್ಕೆ ಸಮೃದ್ಧವಾದ ಊಟವೆಂದು ತೋರಿದರೂ ಕೀಟಕ್ಕೆ ಅದು ಬಡ ಊಟವೇ ಸರಿ. ದೇಹವನ್ನು ಕಟ್ಟತಕ್ಕ ಮಾಂಸಧಾತುವಿಗೆ ಸಾರಜನಕವು ಬೇಕು. ಒಣಗಿಸಿ ತೂಗಿದ ಎಲೆಯ ೧೦೦ ಪಾಲಿನಲ್ಲಿ ಸಾರಜನಕವು ಬಹುಮಟ್ಟಿಗೆ ೧ರಿಂದ ೫ ಪಾಲಿನಷ್ಟು ಮಾತ್ರ. ಕೀಟದ ಒಣದೇಹದಲ್ಲಿಯೋ ೭ರಿಂದ ೧೪ ಪಾಲು. ಆದುದರಿಂದ ತನ್ನ ಮೈಯ ಒಂದು ಪಾಲನ್ನು ಬೆಳೆಸಿಕೊಳ್ಳುವುದಕ್ಕೆ ಮರಿಹುಳುವು ಹಲವು ಪಾಲು ಎಲೆಯನ್ನು ತಿನ್ನಲೇಬೇಕು. ತಿಂದುದರಲ್ಲಿ ನಾರಿನ ಬಹುಭಾಗವು ಹಿಕ್ಕೆಯಾಗಿ ಹೊರಕ್ಕೆ ಹೋಗುತ್ತದೆ. ಜೀರ್ಣವಾಗಿ ಮೈಗೆ ಸೇರಿದುದರಲ್ಲಿ ಒಂದು ಭಾಗವು ಉಸಿರಾಟಕ್ಕೂ ಚಲನೆಗೂ ವ್ಯಯವಾಗಿ, ಮಿಕ್ಕುದು ಮಾತ್ರ ಮಾಂಸವೂ ಮೊಟ್ಟೆಯೂ ಆಗುತ್ತದೆ. ಈ ಜಮಾಖರ್ಚನ್ನೇ ಶಾಸ್ತ್ರಜ್ಞರು ಚಯಾಪಚಯವೆಂದು ಕರೆಯುವರು. ಎಳೆಯ ಎಲೆಯಲ್ಲಿ ನೀರೂ ಸಾರಜನಕವೂ ಹೆಚ್ಚು. ಬಲಿತ ಎಲೆಯಲ್ಲಿ ನಾರು ಹೆಚ್ಚು. ಸಾರ ಕಡಮೆಯಾದ ಎಲೆಯನ್ನು ಕೊಟ್ಟರೆ ಅನೇಕ ಕೀಟಗಳು ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ ಇನ್ನಷ್ಟು ತಿನ್ನುತ್ತವೆ. ಹಾಗೆ ತಿಂದೂ ನಿಧಾನವಾಗಿ ಬೆಳೆಯುತ್ತವೆ. ಆದಕಾರಣ ಹುಳುವು ಬಹಳವಾಗಿ ತಿಂದುದನ್ನು ಕಂಡು ಆ ಎಲೆಯು ಅದಕ್ಕೆ ಹಿತವಾಗಿದೆಯೆಂದು ತೀರ್ಮಾನಿಸಲಾಗದು. ಬಾಯಿಯ ಲೆಕ್ಕ ಬೇರೆ, ಮೈಯ ಲೆಕ್ಕ ಬೇರೆ.

ಇದರ ಮೇಲೆ ಗಿಡವು ಸುಮ್ಮನಿರತಕ್ಕುದೂ ಅಲ್ಲ. ಓಡಿಹೋಗಲಾರದ ಪ್ರಾಣಿಯಾದುದರಿಂದ ಅದು ತನ್ನ ಎಲೆಯಲ್ಲಿ ಕಹಿಯನ್ನೋ ವಿಷವನ್ನೋ ಅಂಟನ್ನೋ ಕೂಡಿಟ್ಟುಕೊಂಡಿರುತ್ತದೆ. ದುಂಬಿಯು ಆ ವಿಷವನ್ನು ಒಡೆದು ಹೊರಹಾಕತಕ್ಕ ಕಿಣ್ವಗಳನ್ನು ತನ್ನ ಕರುಳಿನಲ್ಲಿ ಸಿದ್ಧಪಡಿಸಿಕೊಳ್ಳಬೇಕು. ಆ ಕಿಣ್ವಗಳೂ ತಿಂದ ಅನ್ನದಿಂದಲೇ ಆಗಬೇಕಾದುದರಿಂದ ಬೆಳವಣಿಗೆಗೆ ಉಳಿಯುವುದು ಇನ್ನೂ ಕಡಮೆ. ೧೯೭೨ರಲ್ಲಿ ಅಮೆರಿಕದ ಗ್ರೀನ್ ಮತ್ತು ರಯನ್ ಎಂಬವರು ಆಲೂಗೆಡ್ಡೆಯ ಮತ್ತು ಟೊಮೇಟೊವಿನ ಗಿಡಗಳಲ್ಲಿ ಸೋಜಿಗದ ಸಂಗತಿಯೊಂದನ್ನು ಕಂಡರು. ಕೊಲರಾಡೊ ದುಂಬಿಯು ಒಂದು ಎಲೆಯನ್ನು ಕಚ್ಚಿದರೆ, ಕಚ್ಚಿಸಿಕೊಂಡ ಎಲೆಯಲ್ಲಿ ಮಾತ್ರವಲ್ಲದೆ ಗಿಡದ ಇತರ ಎಲೆಗಳಲ್ಲಿಯೂ, ಮಾಂಸಧಾತುವನ್ನು ಜೀರ್ಣಿಸುವ ಕಿಣ್ವಗಳಿಗೆ ತಡೆಯೊಡ್ಡುವ ವಸ್ತುವು ಕೆಲವು ಗಂಟೆಗಳೊಳಗೆ ಕೂಡಿಕೊಳ್ಳುತ್ತಿತ್ತು. ಊಟಕ್ಕೆ ಕುಳಿತವನ ಜೀರ್ಣಶಕ್ತಿಯನ್ನೇ ಮನೆಯವರು ಕಟ್ಟಿಹಾಕಿದಂತಾಯಿತು.

ಬದನೆ, ಆಲೂಗೆಡ್ಡೆ, ಟೊಮೇಟೊ, ಗಣಿಕೆಸೊಪ್ಪು, ಉಮ್ಮತ್ತಿ ಇವೆಲ್ಲ ಒಂದೇ ಕುಟುಂಬದ ಸಸ್ಯಗಳು. ಇಪ್ಪತ್ತೆಂಟು ಚುಕ್ಕೆಯ ದುಂಬಿಯು ಇವುಗಳನ್ನೆಲ್ಲ ತಿನ್ನಬಲ್ಲುದಾದರೂ ಎಲ್ಲವೂ ಅದಕ್ಕೆ ಸಮವಲ್ಲ. ಬದನೆಯ ಎಲೆಯ ಮೇಲೆ ಅದರ ಮರಿಗಳು ಬೇಗ ಬೆಳೆಯುತ್ತವೆ. ಟೊಮೇಟೊವಿನ ಎಲೆಯಲ್ಲಿ ಅಂಟುರಸವನ್ನು ಸುರಿಸುವ ರೋಮಗಳೂ ಟೊಮೇಟೈನ್ ಎಂಬ ಕಹಿಯೂ ಇರುವುದರಿಂದ ಅದನ್ನು ತಿಂದ ಮರಿಗಳಿಗೆ ಹೆಚ್ಚು ದಿನಗಳು ಹಿಡಿಯುತ್ತವೆ, ಸಾಯುವವು ಹೆಚ್ಚುತ್ತವೆ. ನಾಲ್ಕೈದು ದಿನ ತಡವಾದರೇನಾಯಿತು ಎನ್ನಬಹುದು. ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಡುವ ಅತಿ ಸಣ್ಣ ಕಣಜವೊಂದುಂಟು. ಅದರ ಮರಿಗಳು ದುಂಬಿಯ ಮರಿಯನ್ನು ಒಳಗಿನಿಂದ ತಿಂದು ಕಪ್ಪಾದ ಸಿಪ್ಪೆಯನ್ನು ಮಾತ್ರ ಉಳಿಸುತ್ತವೆ. ಮರಿಯಾಗಿ ಕಳೆಯುವ ಪ್ರತಿಯೊಂದು ಹೆಚ್ಚಿನ ದಿನವೂ ಆ ಕಣಜದ ಕೈಗೆ ಸಿಕ್ಕುವ ದಿನ. ಹೀಗೆ ಎಲೆಯ ಗುಣವು ದುಂಬಿಯ ಹೊಟ್ಟೆಯಲ್ಲಿ ಮಾಡುವ ಸಣ್ಣ ವ್ಯತ್ಯಾಸವೇ ಹೊಲದಲ್ಲಿ ಅದರ ಸಂಖ್ಯೆಯನ್ನು ಏರಿಸುವುದೂ ಇಳಿಸುವುದೂ ಆಗುತ್ತದೆ.

ಗಿಡದ ವಿಷವು ಒಂದು ದುಂಬಿಗೆ ತಡೆಯಾಗಿರುವಂತೆ ಮತ್ತೊಂದಕ್ಕೆ ಕರೆಯೂ ಆಗಬಲ್ಲುದು. ಸೌತೆಯ ಕಾಯಿಯ ತೊಟ್ಟನ್ನು ಕೊಯ್ದು ಉಜ್ಜಿ, ನಾಲಗೆಯ ಮೇಲಿಟ್ಟು ನೋಡಿ, ಕಹಿಯಿದ್ದರೆ ಎಸೆಯುವುದು ನಮ್ಮ ಮನೆಗಳ ರೂಢಿ. ಆ ಕಹಿಯು ಕುಕುರ್ಬಿಟಾಸಿನ್ ಎಂಬ ವಸ್ತು. ಸೌತೆ, ಕುಂಬಳ, ಹೀರೆಗಳ ಕುಟುಂಬಕ್ಕೆ ಅದು ಕೋಟೆಯ ಗೋಡೆ. ಕುಂಬಳದ ಕೆಂಪು ದುಂಬಿಗೂ ಅದರ ಬಂಧುಗಳಿಗೂ ಆದರೆ ಈ ಕಹಿಯೇ ಊಟಕ್ಕೆ ಕರೆಯುವ ಗಂಟೆ. ಈ ಗುಂಪಿನ ಕೆಲವು ದುಂಬಿಗಳು ಅದನ್ನು ತಮ್ಮ ಮೈಯಲ್ಲಿಯೇ ಕೂಡಿಟ್ಟುಕೊಂಡು, ತಮ್ಮನ್ನು ತಿನ್ನಬಂದ ಪ್ರಾಣಿಗಳಿಗೆ ತಾವೇ ಕಹಿಯಾಗುತ್ತವೆ. ಕೆಂಪು ದುಂಬಿಯು ಕೂತ ಕುಂಬಳದ ಎಲೆಯಲ್ಲಿ ಕೈವಾರದಿಂದ ಬರೆದಂತೆ ದುಂಡಗಿನ ಗೀರುಗಳನ್ನು ಕಾಣಬಹುದು. ಅದು ಮೊದಲು ಎಲೆಯಲ್ಲಿ ಒಂದು ವೃತ್ತವನ್ನು ಕಡಿದು, ಗಾಯಕ್ಕೆ ಹರಿದುಬರುವ ಅಂಟುರಸದ ದಾರಿಯನ್ನು ತಪ್ಪಿಸಿ, ಬಳಿಕ ವೃತ್ತದ ಒಳಗಿನ ಭಾಗವನ್ನು ನೆಮ್ಮದಿಯಾಗಿ ತಿನ್ನುತ್ತದೆ. ಕಾಲುವೆಯ ಬಾಯನ್ನು ಕಟ್ಟಿ ಗದ್ದೆಗೆ ಇಳಿಯುವ ಕೃಷ್ಣರಾಜನಗರದ ರೈತನಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಬೇವಿನ ವಿಷಯವು ಇನ್ನೂ ವಿಚಿತ್ರ. ಬೇವನ್ನು ಕಂಡರೆ ಹುಳುಗಳೆಲ್ಲ ಓಡಿಹೋಗುವುವೆಂದು ನಾವು ಕಾಳಿನ ಮಡಕೆಯಲ್ಲಿ ಅದರ ಎಲೆಯನ್ನು ಹಾಕುತ್ತೇವೆ. ಮರುಭೂಮಿಯ ಮಿಡತೆಯೂ ಬೇವನ್ನು ಮುಟ್ಟದೆಂಬುದು ನಿಜ. ಆದರೆ ಮುಂಗಾರಿನ ಮೊದಲ ಒಳ್ಳೆಯ ಮಳೆಯಾದ ಸಂಜೆ, ಕತ್ತಲಾಗುತ್ತಿರುವಾಗ, ನೆಲದೊಳಗಿಂದ ಕಂದುಬಣ್ಣದ ದಪ್ಪ ದುಂಬಿಗಳು ಎದ್ದುಬಂದು ಬೇವಿನ ಮರಕ್ಕೂ ಜಾಲಿಗೂ ಮುತ್ತಿ ರಾತ್ರಿಯೆಲ್ಲ ಎಲೆಯನ್ನು ತಿಂದು, ಬೆಳಗಾಗುವುದರೊಳಗೆ ಮತ್ತೆ ಮಣ್ಣಿಗಿಳಿಯುತ್ತವೆ. ಇವೇ ಗೊಣ್ಣೆಹುಳುವಿನ ತಾಯಿತಂದೆಗಳು. ಇವುಗಳ ಮರಿಗೆ ಎಲೆ ಬೇಡ. ಅದು ಮಣ್ಣಿನಲ್ಲಿದ್ದುಕೊಂಡು ಕಬ್ಬು, ನೆಲಗಡಲೆ ಮೊದಲಾದ ಬೆಳೆಗಳ ಬೇರನ್ನು ಕಡಿಯುತ್ತದೆ. ತಾಯಿಯ ಆಹಾರಸಸ್ಯವೊಂದು, ಮಗುವಿನದು ಮತ್ತೊಂದು. ಹೊಲದಲ್ಲಿ ಗಿಡ ಬಾಡಿದ ಮೇಲೆ ಬೇರಿನ ಬಳಿ ಹುಡುಕುವುದಕ್ಕಿಂತ, ಆ ಮೊದಲ ಮಳೆಯ ಸಂಜೆಗಳಲ್ಲಿ ಊರವರೆಲ್ಲರೂ ಒಟ್ಟಾಗಿ ಬೇವಿನ ಕೊಂಬೆಗಳನ್ನು ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಹೆಚ್ಚು ಫಲದಾಯಕ. ಒಬ್ಬನೇ ಮಾಡಿದರೆ ಪ್ರಯೋಜನವಿಲ್ಲ. ನೆರೆಯವನ ಮರದ ದುಂಬಿಯು ಇವನ ಹೊಲದಲ್ಲಿ ಮೊಟ್ಟೆಯಿಡುತ್ತದೆ.

ಇನ್ನು ಹೊಗೆಸೊಪ್ಪು. ಹುಣಸೂರು ಪಿರಿಯಾಪಟ್ಟಣಗಳ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕವು ಬ್ಯಾರನ್ನಿನಲ್ಲಿ ಬೆಂದ ಎಲೆಯಿಂದಲೇ ಬಂದುದೆಂಬುದು ಇಲ್ಲಿಯ ಪೋಷಕರಿಗೆ ತಿಳಿಯದ ಮಾತಲ್ಲ. ನಿಕೋಟಿನ್ ಎಂಬ ವಿಷವು ಈ ಗಿಡದ ಬೇರಿನಲ್ಲಿ ಹುಟ್ಟಿ ಎಲೆಗೆ ಏರುತ್ತದೆ. ಹೂವಿನ ಕುಡಿಯನ್ನು ಚಿವುಟಿದರೆ ಎಲೆಯಲ್ಲಿ ಅದರ ಪ್ರಮಾಣವು ಹೆಚ್ಚುತ್ತದೆ. ಹಿಂದೆ ಇದೇ ನಿಕೋಟಿನ್ನಿನ ಕಷಾಯವನ್ನು ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ಹೀಗಿರಲು, ಒಣಗಿಸಿ ಕಟ್ಟಿಟ್ಟ ಹೊಗೆಸೊಪ್ಪಿನ ಅತಿ ದೊಡ್ಡ ಶತ್ರುವು ೨-೩ ಮಿಲಿಮೀಟರ್ ಉದ್ದದ, ಕಂದುಬಣ್ಣದ, ಗೂನುಬೆನ್ನಿನ ಒಂದು ದುಂಬಿಯೆಂದರೆ ಆಶ್ಚರ್ಯವಲ್ಲವೆ? ಇದನ್ನು ಸಿಗರೇಟು ದುಂಬಿ ಎನ್ನುವರು. ಅರಿಶಿನದ ಕೊಂಬಿನಲ್ಲಿಯೂ ಒಣಶುಂಠಿಯಲ್ಲಿಯೂ ಕೊತ್ತಂಬರಿ ಬೀಜದಲ್ಲಿಯೂ ಸೂಜಿಯಿಂದ ಚುಚ್ಚಿದಂತಹ ತೂತುಗಳನ್ನು ಮಾಡತಕ್ಕುದೂ ಇದೇ. ಆದುದರಿಂದ ಹೊಗೆಸೊಪ್ಪನ್ನು ಕಾಣದ ಗೃಹಿಣಿಯರಿಗೂ ಇದರ ಪರಿಚಯವುಂಟು.

ಇದರ ಗುಟ್ಟು ದುಂಬಿಯಲ್ಲಿ ಮಾತ್ರವಲ್ಲ, ಅದರ ಕರುಳಿನ ಪಕ್ಕದ ಚೀಲಗಳಲ್ಲಿ ವಾಸಿಸುವ ಒಂದು ಹುದುಗಿನ ಜೀವಿಯಲ್ಲಿಯೂ ಇದೆ. ಒಣ ಎಲೆಯಲ್ಲಿ ಸಾಲದಿರುವ ಜೀವಸತ್ವಗಳನ್ನು ಆ ಹುದುಗು ಒದಗಿಸುತ್ತದೆ, ಹಲವು ವಿಷಗಳನ್ನು ಒಡೆಯುವುದರಲ್ಲಿಯೂ ನೆರವಾಗುತ್ತದೆ. ತಾಯಿದುಂಬಿಯು ಮೊಟ್ಟೆಯಿಡುವಾಗ ಅದರ ಮೇಲೆ ಈ ಹುದುಗನ್ನು ಸವರುತ್ತದೆ. ಹುಟ್ಟಿದ ಮರಿಯು ಮೊಟ್ಟೆಯ ಸಿಪ್ಪೆಯನ್ನು ತಿಂದು ಅದನ್ನು ತನ್ನದಾಗಿಸಿಕೊಳ್ಳುತ್ತದೆ. ತವರಿನಿಂದ ಹೆಪ್ಪಿಗೆಂದು ಮೊಸರು ಕಳುಹಿಸಿದ ಹಾಗೆ! ಇಷ್ಟಾದರೂ ನಿಕೋಟಿನ್ನಿನ ತೆರಿಗೆಯು ತಪ್ಪುವುದಿಲ್ಲ. ನಿಕೋಟಿನ್ ಹೆಚ್ಚಿದಷ್ಟೂ ಮರಿಯ ಬೆಳವಣಿಗೆಯು ನಿಧಾನವಾಗುತ್ತದೆ. ಈ ದುಂಬಿಯ ಅವಶೇಷಗಳು ಈಜಿಪ್ಟಿನ ಟುಟಂಖಾಮನ್ ದೊರೆಯ ಸಮಾಧಿಯಲ್ಲಿ ದೊರೆತಿವೆ. ಆ ದೊರೆಯು ಮೂರು ಸಾವಿರ ವರ್ಷಗಳಿಗೂ ಹಿಂದಿನವನು. ಹೊಗೆಸೊಪ್ಪು ಅಮೆರಿಕದಿಂದ ನಮ್ಮ ಕಡೆಯ ಖಂಡಗಳಿಗೆ ಬಂದು ಐದುನೂರು ವರ್ಷಗಳೂ ಸರಿಯಾಗಿ ತುಂಬಿಲ್ಲ. ಎಂದರೆ ಈ ದುಂಬಿಯು ಹೊಗೆಸೊಪ್ಪಿಗಾಗಿ ಹುಟ್ಟಿದುದಲ್ಲ. ಕಂಡ ಒಣಪದಾರ್ಥವನ್ನೆಲ್ಲ ತಿಂದು ಅರಗಿಸಿಕೊಳ್ಳುವ ಸಾಮರ್ಥ್ಯವನ್ನು ಮೊದಲೇ ಪಡೆದಿದ್ದು, ಹೊಸ ಎಲೆಯು ಗೋದಾಮಿಗೆ ಬಂದಾಗ ಅದನ್ನೂ ಹಿಡಿದುಕೊಂಡಿತು.

ಹಾಗಾದರೆ ಒಂದು ಗಿಡಕ್ಕೆ ಕಟ್ಟುಬಿದ್ದ ದುಂಬಿಯು ಯಾವಾಗಲಾದರೂ ಹೊಸ ಗಿಡಕ್ಕೆ ಹಾರೀತೆ? ಆರಂಭದಲ್ಲಿ ಹೇಳಿದ ಆತಂಕವು ಇದೇ. ಪಾರ್ಥೇನಿಯಮ್ ಅಥವಾ ಕಾಂಗ್ರೆಸ್ ಗಿಡವೆಂಬ ಕಳೆಯು ೧೯೫೫ರ ಸುಮಾರಿಗೆ ಪುಣೆಯ ಬಳಿ ಗಮನಕ್ಕೆ ಬಂದು, ಬಳಿಕ ನಮ್ಮ ರಸ್ತೆಯ ಬದಿಗಳನ್ನೂ ಬೀಳುಭೂಮಿಯನ್ನೂ ಆವರಿಸಿತು. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿನಿಂದ ಎಷ್ಟೋ ಜನರಿಗೆ ಚರ್ಮವು ಕೆರಳಿ ತುರಿಯಾಗುತ್ತದೆ. ದನಗಳೂ ಸಾಮಾನ್ಯವಾಗಿ ಅದನ್ನು ಮೇಯವು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಗಿಡದ ತವರಾದ ಮೆಕ್ಸಿಕೋದಿಂದ ಅದನ್ನೇ ತಿನ್ನುವ ಒಂದು ದುಂಬಿಯನ್ನು ೧೯೮೩ರಲ್ಲಿ ತರಿಸಿದರು. ಅನೇಕ ಬೆಳೆಗಳ ಎಲೆಗಳನ್ನು ಅದರ ಮುಂದಿಟ್ಟು ಪರೀಕ್ಷಿಸಿ, ೧೯೮೪ರಲ್ಲಿ ಹೊರಗೆ ಬಿಟ್ಟರು. ಬಿಳುಪಾದ ಬೆನ್ನಿನ ಮೇಲೆ ಕಂದು ಗೆರೆಗಳುಳ್ಳ ಈ ದುಂಬಿಯು ಕೆಲವು ವರ್ಷಗಳಲ್ಲಿ ಹೆಚ್ಚಿ, ಮಳೆಗಾಲದಲ್ಲಿ ಕಳೆಯನ್ನು ಬೋಳುಮಾಡತೊಡಗಿತು.

ಅಷ್ಟರಲ್ಲಿ, ೧೯೯೧-೯೨ರ ಸುಮಾರಿಗೆ, ಅದೇ ದುಂಬಿಯು ಸೂರ್ಯಕಾಂತಿಯ ಎಲೆಯನ್ನು ಕಡಿಯುತ್ತಿದೆಯೆಂಬ ವರದಿಗಳು ಬಂದುವು. ಸೂರ್ಯಕಾಂತಿಯೂ ಪಾರ್ಥೇನಿಯಮ್ಮೂ ಒಂದೇ ಕುಟುಂಬದ ಸಸ್ಯಗಳು. ರೈತರ ಭಯಕ್ಕೆ ಆಧಾರವಿರಲಿಲ್ಲವೆನ್ನಲಾಗದು. ಈ ದುಂಬಿಗೆ ಹತ್ತಿರದ ಬಂಧುವಾದ ಕೊಲರಾಡೊ ದುಂಬಿಯು ಅಮೆರಿಕದಲ್ಲಿ ಒಂದು ಕಾಡುಮುಳ್ಳಿನ ಗಿಡವನ್ನು ತಿಂದುಕೊಂಡಿದ್ದಿತು. ೧೮೫೯ರಲ್ಲಿ ನೆಬ್ರಾಸ್ಕ ಸೀಮೆಯಲ್ಲಿ ಅದು ಆಲೂಗೆಡ್ಡೆಗೆ ಹಾರಿ, ೧೮೭೪ರ ವೇಳೆಗೆ ಅಟ್ಲಾಂಟಿಕ್ ಕರಾವಳಿಯನ್ನು ಮುಟ್ಟಿ, ೧೯೨೨ರಲ್ಲಿ ಫ್ರಾನ್ಸಿನಲ್ಲಿ ನೆಲೆಯೂರಿತು. ಒಮ್ಮೆ ಆದುದು ಮತ್ತೊಮ್ಮೆ ಆಗದೆಂದು ಯಾರು ಹೇಳಬಲ್ಲರು? ಸರಕಾರವು ಪರಿಶೀಲನೆಗಾಗಿ ಸಮಿತಿಯನ್ನು ನೇಮಿಸಿತು. ದುಂಬಿಯನ್ನು ಹೊಸ ಸ್ಥಳಗಳಲ್ಲಿ ಬಿಡುವ ಕೆಲಸವು ಕೆಲಕಾಲ ನಿಂತಿತು.

ಈ ಗಂಟನ್ನು ಬಿಡಿಸಿದ ಬಗೆಯು ನನಗೆ ಬಹಳ ಮೆಚ್ಚಿಕೆಯಾದುದು. ೧೯೧೦ರಷ್ಟು ಹಿಂದೆಯೇ ಹಾಲೆಂಡಿನ ಫರ್ಶಾಫೆಲ್ಟ್ ಎಂಬ ಸಸ್ಯಶಾಸ್ತ್ರಜ್ಞನು, ಕೋಸಿನ ಕಂಬಳಿಹುಳುವು ತಾನು ಎಂದೂ ತಿನ್ನದ ಎಲೆಯನ್ನು, ಅದಕ್ಕೆ ಸಾಸುವೆಯ ಜಾತಿಯ ಗಿಡದ ರಸವನ್ನು ಸವರಿಕೊಟ್ಟರೆ ತಿನ್ನುವುದೆಂದು ತೋರಿಸಿದ್ದನು. ಹುಳುವು ಎಲೆಯನ್ನು ಗುರುತಿಸುವುದು ರುಚಿಯಿಂದ. ರುಚಿಯು ದೊರೆತರೆ ಬಾಯಿ ಹಾಕುತ್ತದೆ. ೧೯೯೩ರಲ್ಲಿ ಬೆಂಗಳೂರಿನ ಕೆ. ಪಿ. ಜಯಂತ್ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಯೋಗವು ಇದೇ ದಾರಿಯದು. ಸೂರ್ಯಕಾಂತಿಯ ಎಲೆಯ ಮೇಲೆ ಪಾರ್ಥೇನಿಯಮ್ಮಿನ ಪರಾಗವು ಬಿದ್ದಿದ್ದರೆ, ಆ ಪರಾಗವೇ ದುಂಬಿಯನ್ನು ಆ ಎಲೆಯನ್ನು ತಿನ್ನುವಂತೆ ಪ್ರೇರಿಸುತ್ತಿತ್ತು. ಹೊಲದ ಅಂಚಿನ ತುಂಬ ಕಾಂಗ್ರೆಸ್ ಗಿಡವು ಹೂಬಿಟ್ಟು ನಿಂತಿದ್ದಾಗ ಗಾಳಿಗೆ ಹಾರಿದ ಪರಾಗವು ಪಕ್ಕದ ಬೆಳೆಯ ಮೇಲೆ ಕೂರದೆ ಇರುವುದೆ? ದುಂಬಿಗೆ ಪರಿಚಿತವಾದ ರುಚಿಯು ಅಪರಿಚಿತವಾದ ಎಲೆಯ ಮೇಲಿತ್ತು. ತಪ್ಪಿದುದು ಅದರ ನಾಲಗೆಯೇ ಹೊರತು ಅದರ ಚಯಾಪಚಯವು ಬದಲಾಗಿರಲಿಲ್ಲ.

ಗಿಡವೊಂದು ದುಂಬಿಯ ನಿಜವಾದ ಆಹಾರಸಸ್ಯವಾಗಬೇಕಾದರೆ ಕಚ್ಚಿಸಿಕೊಂಡರೆ ಸಾಲದು. ಅದರ ಮೇಲೆ ಮೊಟ್ಟೆ ಬೀಳಬೇಕು, ಮರಿಯು ಅದನ್ನೇ ತಿಂದು ಬೆಳೆಯಬೇಕು, ಬೆಳೆದ ಹೆಣ್ಣಿನಲ್ಲಿ ಮತ್ತೆ ಮೊಟ್ಟೆ ತುಂಬಬೇಕು, ಮತ್ತು ಇದು ತಲೆಮಾರಿನಿಂದ ತಲೆಮಾರಿಗೆ ನಡೆಯಬೇಕು. ಕೊಲರಾಡೊ ದುಂಬಿಯು ಆಲೂಗೆಡ್ಡೆಯಲ್ಲಿ ಇಷ್ಟನ್ನೂ ಸಾಧಿಸಿತು. ಪಾರ್ಥೇನಿಯಮ್ಮಿನ ದುಂಬಿಯು ಅನಂತರದ ದಶಕಗಳಲ್ಲಿಯೂ ಸೂರ್ಯಕಾಂತಿಯಲ್ಲಿ ಹೀಗೆ ನೆಲೆಯೂರಲಿಲ್ಲ. ಕಳೆಯ ಮೇಲೆಯೇ ಉಳಿಯಿತು. ರಸ್ತೆಯ ಬದಿಯಲ್ಲಿ ಗೆರೆಬೆನ್ನಿನ ಈ ದುಂಬಿಯನ್ನು ಕಂಡವರು ಅದನ್ನು ಕೊಲ್ಲದಿರುವುದು ಒಳ್ಳೆಯದು. ಅದೊಂದರಿಂದಲೇ ಕಳೆಯು ಅಳಿದೀತೆಂದು ನಂಬಿ ಕೂರುವುದೂ ತರವಲ್ಲ. ದುಂಬಿಯು ವರ್ಷದ ಕೆಲವು ತಿಂಗಳು ಮಣ್ಣಿನಲ್ಲಿ ಅಡಗಿ ನಿದ್ರಿಸುವುದರಿಂದ, ಆ ಕಾಲದಲ್ಲಿ ಗಿಡವು ಮತ್ತೆ ಚಿಗುರಿ ಬೀಜ ಚೆಲ್ಲುತ್ತದೆ. ಮಕ್ಕಳ ಕೈಯಿಂದ ಅದನ್ನು ಕೀಳಿಸುವಾಗ ಕೈಚೀಲಗಳನ್ನು ತೊಡಿಸಬೇಕು, ಹೂಬಿಡುವ ಮೊದಲೇ ಕೀಳಿಸಬೇಕು.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಲು ಇಷ್ಟಪಡುವ ಹೆಣ್ಣುಮಕ್ಕಳಿಗೆ ಬದನೆಯ ದುಂಬಿಯೇ ಅನುಕೂಲವಾದುದು. ಎಲೆಯ ಅಡಿಯಲ್ಲಿ ನೆಟ್ಟಗೆ ನಿಂತಿರುವ ಹಳದಿ ಮೊಟ್ಟೆಗಳ ಒಂದು ಗುಂಪನ್ನು 
ತಂದು, ಒಡೆದ ಮರಿಗಳನ್ನು ಮೂರು ಗಾಜಿನ ಸೀಸೆಗಳಿಗೆ ಸಮನಾಗಿ ಹಂಚಿ, ಒಂದಕ್ಕೆ ಬದನೆಯ ಎಲೆಯನ್ನೂ ಒಂದಕ್ಕೆ ಟೊಮೇಟೊ ಎಲೆಯನ್ನೂ ಒಂದಕ್ಕೆ ಗಣಿಕೆಸೊಪ್ಪನ್ನೂ ಕೊಡಬೇಕು. ಎಲೆಯ ತೊಟ್ಟಿಗೆ ಒದ್ದೆ ಹತ್ತಿಯನ್ನು ಸುತ್ತಿ ದಿನಕ್ಕೊಮ್ಮೆ ಬದಲಾಯಿಸಬೇಕು. ಬಾಯಿಗೆ ತೆಳುಬಟ್ಟೆಯನ್ನು ಕಟ್ಟಬೇಕು. ಹಾಗಲದ ಬಳ್ಳಿಯ ಮೇಲೆ ಸಿಕ್ಕುವ ಇದೇ ರೂಪದ ದುಂಬಿಯು ಬೇರೆ ಜಾತಿಯದಾಗಿರಬಹುದಾದುದರಿಂದ ಅದನ್ನು ಇದರೊಡನೆ ಬೆರೆಸಬಾರದು. ಯಾವ ಸೀಸೆಯಲ್ಲಿ ಎಷ್ಟು ದಿನಗಳಿಗೆ ಪೊರೆ ಕಳಚಿತು, ಎಷ್ಟು ಸತ್ತುವು, ಎಷ್ಟು ಹಿಕ್ಕೆ ಬಿತ್ತು ಎಂಬುದನ್ನು ದಿನವೂ ಬರೆದಿಡಬೇಕು. ಕೊನೆಗೆ ಹೊರಬಂದ ದುಂಬಿಗಳನ್ನು ಹತ್ತು ಹತ್ತಾಗಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಬಹುದು; ಒಂದೊಂದಾಗಿ ತೂಗಿದರೆ ಮುಳ್ಳು ಅಲುಗದು. ಈ ಹುಳುವು ಎಲೆಯ ಮೇಲೆಯೇ ಕೋಶವಾಗುವುದರಿಂದ ಸೀಸೆಗೆ ಮಣ್ಣು ಹಾಕಬೇಕಾಗಿಲ್ಲ.